ಜಪಾನಿನವರು ಕಳಿಸಿದ ಆಟಿ

ಗಲ್ಫಿನಲ್ಲಿ ಮೂವತ್ತು ವರ್ಷ ಕಳೆದವಳಿಗೆ ಬೇಸಿಗೆ ರಜೆ ಅಂದರೆ ಜುಲೈ, ಆಗಸ್ಟ್. ಅದರಲ್ಲಿ ಕೇಳುವುದೇನಿದೆ? ಶಾಲೆ ಮುಚ್ಚುತ್ತದೆ, ಪಾರ್ಕಿಂಗ್ ಸುಲಭವಾಗಿ ಸಿಗುತ್ತದೆ, ದುಬೈಯ ನಮ್ಮ ಬಡಾವಣೆ ಡಿಸ್ಕವರಿ ಗಾರ್ಡನ್ಸಿನ ಅರ್ಧ ಜನ ಊರಿಗೆ ಹೊರಡುತ್ತಾರೆ. ಹಾಗಾಗಿ ಜಪಾನಿನಲ್ಲಿರುವ ಮಗಳು "ಈ ಸಲ ಬೇಸಿಗೆ ರಜೆಯಲ್ಲಿ ಬರ್ತೇವೆ ಅಮ್ಮ" ಎಂದಾಗ ನಾನು ತಾರೀಕು ಕೇಳುವ ಗೋಜಿಗೇ ಹೋಗಲಿಲ್ಲ. ಗಂಡನಿಗೆ ಹೇಳಿ ಜುಲೈ ಒಂದರಿಂದ ಒಂದು ತಿಂಗಳು ರಜೆ ಬರೆಸಿಬಿಟ್ಟೆ.

ಗಂಡನಿಗೆ ಅಬುಧಾಬಿಯಿಂದಲೂ ಆಚೆ, ಮರಳುಗಾಡಿನ ಮದೀನತ್ ಜಾಯೆದಿನಲ್ಲಿ ಕೆಲಸ. ವಾರವಿಡೀ ಅಲ್ಲಿಯೇ ಇದ್ದು ಶುಕ್ರವಾರ ಸಂಜೆ ದುಬೈಯ ಮನೆಗೆ ಬರುತ್ತಿದ್ದರು. ಅದು ಅವರ ಕೊನೆಯ ವಾರ್ಷಿಕ ರಜೆ. ಸೆಪ್ಟೆಂಬರಿನಲ್ಲಿ ನಿವೃತ್ತಿ, ವೀಸಾ ಕ್ಯಾನ್ಸಲ್, ಮನೆ ಖಾಲಿ. ಮಗಳು ಐದನೇ ಕ್ಲಾಸಿನಿಂದ ಬೆಳೆದದ್ದು ಇದೇ ಮನೆಯಲ್ಲಿ. ನಿನ್ನ ಊರು ಯಾವುದು ಎಂದು ಯಾರಾದರೂ ಕೇಳಿದರೆ ಉಡುಪಿ ಎನ್ನುತ್ತಾಳೆ, ಆದರೆ ಮನಸ್ಸಿನಲ್ಲಿ ಇರುವುದು ಈ ಎರಡು ಕೋಣೆ. ತನ್ನ ಏಳು ವರ್ಷದ ಮಗಳಿಗೆ ಇದನ್ನು ತೋರಿಸಬೇಕೆಂದು ಅವಳ ಆಸೆ. ಎಲ್ಲರೂ ಒಂದು ತಿಂಗಳು ಒಟ್ಟಿಗೆ ಇರಬೇಕೆಂದು ನನ್ನದು. ಈ ಬೇಸಿಗೆ ತಪ್ಪಿದರೆ ಖಲಾಸ್.

ಏಪ್ರಿಲಿನಲ್ಲಿ ಮಗಳು ಪುಳ್ಳಿಯ ಶಾಲೆಯ ಕ್ಯಾಲೆಂಡರಿನ ಫೋಟೋ ಕಳಿಸಿದಳು. ನಾವು ತುಳುವರು ಮೊಮ್ಮಕ್ಕಳನ್ನು ಪುಳ್ಳಿ ಎನ್ನುವುದು. ಹಾಳೆ ತುಂಬ ನನಗೆ ತಲೆಬುಡ ತಿಳಿಯದ ಅಕ್ಷರ; ಒಂದು ಕಡೆ ಮಾತ್ರ ಮಗಳು ಕೆಂಪು ಗೆರೆ ಎಳೆದಿದ್ದಳು. ರಜೆ ಶುರುವಾಗುವುದು ಜುಲೈ ಇಪ್ಪತ್ತಕ್ಕೆ!

ನನಗೆ ಕೋಪ ಮೂಗಿನ ತುದಿಯಲ್ಲಿಯೇ ಇರುತ್ತದೆ. ಕೂಡಲೇ ವಿಡಿಯೋ ಕಾಲ್ ಹಚ್ಚಿದೆ.

"ಇದೆಂಥ ಶಾಲೆ ಮಾರಾಯ್ತಿ? ಊರಿಗೊಂದು ದಾರಿಯಾದ್ರೆ ಇವರಿಗೊಂದು ದಾರಿಯಾ? ಇಪ್ಪತ್ತು ದಿನ ಮೊದಲೇ ಕರ್ಕೊಂಡು ಬಾ. ಎರಡನೇ ಕ್ಲಾಸಿನ ಮಗು, ಶಾಲೆ ತಪ್ಪಿದ್ರೆ ಏನು ಕೊಳ್ಳೆ ಹೋಗ್ತದೆ?"

"ಇಲ್ಲಿ ಹಾಗೆಲ್ಲ ತಪ್ಪಿಸ್ಲಿಕ್ಕೆ ಆಗುದಿಲ್ಲ ಅಮ್ಮ."

"ನಿನ್ನನ್ನು ನಾನು ಎಷ್ಟು ಸಲ ತಪ್ಪಿಸಿ ಊರಿಗೆ ಕರ್ಕೊಂಡು ಹೋಗ್ಲಿಲ್ಲ? ನೀನೇನು ದಡ್ಡಿ ಆದ್ಯಾ?"

ಮಗಳು ಫೋನನ್ನು ಪುಳ್ಳಿಯ ಕಡೆ ತಿರುಗಿಸಿದಳು. ಅವಳು ಪರದೆಯ ಮುಂದೆ ಒಂದು ಬಿಳಿ ಅಂಗಿ, ಬಿಳಿ ಟೊಪ್ಪಿ ಹಿಡಿದು ನಿಂತಳು. ಅವರ ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನು ಮಕ್ಕಳೇ ಸರದಿಯ ಮೇಲೆ ಬಡಿಸಬೇಕಂತೆ. ಸರದಿಯವರು ವಾರದ ಕೊನೆಗೆ ಈ ಅಂಗಿಯನ್ನು ಮನೆಗೆ ತಂದು, ಒಗೆದು ಇಸ್ತ್ರಿ ಹಾಕಿ, ಸೋಮವಾರ ಮುಂದಿನವರಿಗೆ ಕೊಡಬೇಕಂತೆ.

"ಅಜ್ಜಿ, ಜುಲೈಲಿ ಅಗೇನ್ ನನ್ನ ಟರ್ನ್ ಬರ್ತದೆ. ನಾನು ಸೂಪ್ ಬಡಿಸ್ಬೇಕು. ನಾನು ಬಂದ್ರೆ ಅವರಿಗೆ ಸೂಪ್ ಯಾರು ಹಾಕುದು?"

ಬಡಿಸುವವಳು ಪಂಕ್ತಿ ಬಿಟ್ಟು ಬರುವುದು ಹೇಗೆ? ಊಟದ ಮನೆಯ ಮರ್ಯಾದೆ ನನಗೂ ಗೊತ್ತು. ಆದರೂ ಸೋತೆ ಎಂದು ಒಪ್ಪಿಕೊಳ್ಳಲು ಮನಸ್ಸಾಗದೆ, ಗ್ಯಾಸಿನ ಮೇಲೆ ಹಾಲು ಉಕ್ಕುತ್ತಿದೆ ಎಂದು ಸುಳ್ಳು ಹೇಳಿ ಫೋನಿಟ್ಟೆ. ಆಮೇಲೆ ಸ್ನಾನದ ಕೋಣೆಯಲ್ಲಿ ಅತ್ತೆ.

ಶುಕ್ರವಾರ ಗಂಡ ಬಂದಾಗ ಜಪಾನಿನ ಸಮಸ್ತರನ್ನೂ ಬೈದು ಮುಗಿಸಿದೆ. ಅವರು ಚಾ ಕುಡಿಯುತ್ತಾ ಎಲ್ಲವನ್ನೂ ಕೇಳಿದರು. ಬಳಿಕ ಎದ್ದು ಗೋಡೆಯಲ್ಲಿದ್ದ, ಊರಿನಿಂದ ತರಿಸಿದ ಪಂಚಾಂಗದ ಕ್ಯಾಲೆಂಡರ್ ಮಗುಚಿದರು.

"ಜುಲೈ ಇಪ್ಪತ್ತಕ್ಕೆ ಯಾವ ತಿಂಗಳು, ನೋಡು."

ನೋಡಿದೆ. ಆಟಿ, ಅಂದರೆ ತುಳುವರ ಆಷಾಢ, ಶುರುವಾಗಿ ಮೂರ್ನಾಲ್ಕು ದಿನ ಅಷ್ಟೆ.

ನಮ್ಮಲ್ಲಿ ಮದುವೆಯಾದ ಹೆಣ್ಣು ಮೊದಲ ವರ್ಷ ಆಟಿ ತಿಂಗಳಿಗೆ ತಾಯಿಮನೆಗೆ ಬರುತ್ತಾಳೆ. ಏನೂ ಕೆಲಸ ಮಾಡದೆ, ಉಂಡು ಮಲಗಿ, ಮಗಳಾಗಿಯೇ ಇದ್ದು ಹೋಗುವುದು. ಆಟಿ ಕೂರುವುದು ಎನ್ನುತ್ತೇವೆ. ನಮ್ಮ ಮಗಳು ಮದುವೆಯಾದ ಹದಿನೈದೇ ದಿನಕ್ಕೆ ಅಳಿಯನ ಜೊತೆ ಜಪಾನಿಗೆ ಹಾರಿದ್ದಳು. ಅವಳು ಆಟಿ ಕೂರಲಿಲ್ಲ ಎಂಬುದನ್ನು ನಾನು ಯಾರ ಬಳಿಯೂ ಹೇಳಿರಲಿಲ್ಲ, ಮರೆತೂ ಇರಲಿಲ್ಲ.

"ಜಪಾನಿನವರು ನಿನ್ನ ಮಗಳನ್ನು ಆಟಿಗೆ ಕಳಿಸ್ತಾ ಇದ್ದಾರೆ. ನೀನು ಅವರಿಗೇ ಬೈತಿಯಲ್ಲ! ನೀನು ಹಿಡಿದ ಮೊಲಕ್ಕೆ ಯಾವಾಗ್ಲೂ ಮೂರೇ ಕಾಲು."

"ನಿಮ್ಮ ರಜೆ?"

"ಅದು ನೋಡುವ."

ರಜೆ ಬದಲಿಸಬೇಕಾದರೆ ಅವರ ಜಾಗಕ್ಕೆ ನಿಲ್ಲುವ ಸಹೋದ್ಯೋಗಿ ಒಪ್ಪಬೇಕು. ಅವರು ಉಳ್ಳಾಲ ಕಡೆಯ ಬ್ಯಾರಿ. ಆಗಸ್ಟಿನಲ್ಲಿ ಊರಿಗೆ ಹೋಗುವುದೆಂದು ಬರೆದಾಗಿತ್ತು. ಗಂಡ ಕೇಳಲು ಸಂಕೋಚಪಟ್ಟರು, ನಾನೇ ಫೋನು ಕಸಿದುಕೊಂಡು ಕೇಳಿದೆ.

"ಅದಕ್ಕೆಂಥ ಅಕ್ಕ? ನಾನು ಜೂನ್ ಇಪ್ಪತ್ತಕ್ಕೆ ಹೋಗಿ ಅಣ್ಣ ರಜೆಗೆ ಹೊರಡುವ ಮೊದ್ಲು ಬರ್ತೇನೆ. ಆಗ ಮಳೆ ಜೋರು. ಡಿಸಿ ನಾಕು ದಿನ ಶಾಲೆಗೆ ರಜೆ ಕೊಟ್ರೆ ಮಕ್ಕಳು ನನಗೆ ಮನೆಯಲ್ಲೇ ಸಿಗ್ತಾರಲ್ಲ!"

ಒಂದು ಮಗುವಿನ ರಜೆ ವರ್ಷದ ಮೊದಲೇ ಅಚ್ಚಾಗಿ ಬರುತ್ತದೆ, ಇನ್ನೊಂದರದ್ದು ಮಳೆ ನೋಡಿ ಬೆಳಿಗ್ಗೆ ತೀರ್ಮಾನವಾಗುತ್ತದೆ. ಎರಡೂ ಸೇರಿ ನನ್ನ ಕೆಲಸ ಆಯಿತು. ಆ ಮನುಷ್ಯನಿಗೆ ದೇವರು ಒಳ್ಳೆಯದು ಮಾಡಲಿ.

ಮಗಳು, ಪುಳ್ಳಿ ಬಂದರು. ಹೊರಗೆ ಬಾಣಲೆಯಂಥ ಬಿಸಿಲು; ಊರೆಲ್ಲ ತಿರುಗಿಸಬೇಕೆಂದಿದ್ದ ನನ್ನ ಪಟ್ಟಿ ಎರಡೇ ದಿನಕ್ಕೆ ಕಸದ ಬುಟ್ಟಿ ಸೇರಿತು. ಗಂಡ ಅಬುಧಾಬಿಯ ಅಲ್ ಮೀನಾ ಮಾರುಕಟ್ಟೆಯಿಂದ ಕೆಸುವಿನ ಎಲೆ ಹುಡುಕಿ ತಂದರು, ನಾನು ಪತ್ರೊಡೆ ಮಾಡಿದೆ. ಪುಳ್ಳಿ ಮೊದಲು ಮೂಸಿದಳು, ಆಮೇಲೆ ನಾಲ್ಕು ತಿಂದಳು. ಅಜ್ಜನ ಜೊತೆ ಬೆಳಿಗ್ಗೆ ಐದೂವರೆಗೆ ಬೀದಿಯ ಬೆಕ್ಕುಗಳನ್ನು ಎಣಿಸಲು ಹೋಗುತ್ತಿದ್ದಳು. ಮಗಳು ತನ್ನ ಹಳೆಯ ಕೋಣೆಯಲ್ಲಿ ರಜೆಯ ಹೋಮ್‌ವರ್ಕ್ ಮಾಡಿಸಿದಳು, ಬಟ್ಟೆ ಮಡಿಸಿದಳು, ನನ್ನ ಮಸಾಲೆ ಡಬ್ಬಗಳನ್ನೆಲ್ಲ ತೊಳೆದಿಟ್ಟಳು. ಸುಮ್ಮನೆ ಕೂರು ಎಂದರೆ ಕೇಳಲಿಲ್ಲ. ನನಗೂ ಗಟ್ಟಿಯಾಗಿ ಹೇಳಲು ಆಗಲಿಲ್ಲ. ಮನೆ ಖಾಲಿ ಮಾಡುವುದಕ್ಕೆ ಕೈ ಬೇಕಿತ್ತು.

ಹೊರಡುವ ದಿನ ಮಧ್ಯಾಹ್ನ ಮಗಳು ಪೆಟ್ಟಿಗೆ ತುಂಬುತ್ತಿದ್ದಳು. ಪುಳ್ಳಿ ನನ್ನ ಪಕ್ಕ ಕೂತು ಕೇಳಿದಳು.

"ನೆಕ್ಸ್ಟ್ ಸಮ್ಮರ್ ರಜೆಗೂ ಇಲ್ಲಿಗೇ ಬರುದಾ?"

"ಇಲ್ಲ ಮಗಾ. ಆಗ ಈ ಮನೆ ಇರುದಿಲ್ಲ."

ಅವಳು ತಾಯಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ಹಾಗಾದ್ರೆ ಅಮ್ಮನಿಗೆ ಇನ್ನು ರಜೆ ಇಲ್ವಾ?"

ಮಗಳ ಕೈ ನಿಂತಿತು. ಒಂದು ತಿಂಗಳಲ್ಲಿ ಅವಳು ಒಂದು ದಿನವೂ ರಜೆಯಲ್ಲಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

"ಉಂಟು ಮಗಾ," ಎಂದೆ. "ನಾನು ಎಲ್ಲಿರ್ತೇನೋ ಅಲ್ಲಿ ನಿನ್ನ ಅಮ್ಮನಿಗೆ ರಜೆ."

ಮಗಳ ಕೈಯಿಂದ ಬಟ್ಟೆ ತೆಗೆದುಕೊಂಡು ಅವಳನ್ನು ಮಂಚದ ಮೇಲೆ ಕೂರಿಸಿದೆ. "ಮಲಗು," ಎಂದೆ. ಈ ಸಲ ಅವಳು ವಾದಿಸಲಿಲ್ಲ. ಗೋಡೆಗೆ ಮುಖ ಮಾಡಿ, ಕಾಲು ಮಡಚಿ ಮಲಗಿದಳು. ಏರ್‌ಪೋರ್ಟಿಗೆ ಹೊರಡಲು ಇನ್ನೂ ಆರು ಗಂಟೆಯಿತ್ತು. ಅವಳು ನಾಲ್ಕು ಗಂಟೆ ನಿದ್ದೆ ಮಾಡಿದಳು. ಪೆಟ್ಟಿಗೆ ನಾನು ತುಂಬಿದೆ.