ಹಡಗಿನ ಪ್ರವಾಸಕ್ಕೆ ಲಾರಿಯ ಗಂಟು

ನೀರಿಗೆ ಬೀಳಬಾರದೆಂದು ಅಕ್ಕನ ಇಬ್ಬರು ಮಕ್ಕಳನ್ನೂ ನಾನು ದೋಣಿಗೇ ಕಟ್ಟಿಹಾಕಿದ್ದೆ. ಹೀಗೆ ಬರೆದರೆ ಇದರಲ್ಲಿ ತಪ್ಪೇನೆಂದು ಯಾರಿಗಾದರೂ ತಕ್ಷಣ ತಿಳಿಯುತ್ತದೆ. ಆ ದಿನ ನನಗೆ ತಿಳಿದಿರಲಿಲ್ಲ. ಇಷ್ಟು ಸುಲಭದ ಉಪಾಯ ಇಲ್ಲಿಯವರೆಗೆ ಯಾರಿಗೂ ಹೊಳೆದಿಲ್ಲವಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಆಗ ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಕೆಲಸಕ್ಕಿದ್ದೆ. ಮನೆ ಅಲ್ಲೇ ಹೊಸಮನೆ ಬಡಾವಣೆಯಲ್ಲಿ. ಅಕ್ಕನನ್ನು ಭದ್ರಾವತಿಗೆ ಕೊಟ್ಟಿತ್ತು. ಭಾವನಿಗೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ಇರಲು ಕ್ವಾರ್ಟರ್ಸ್. ಭಾನುವಾರವಾದರೆ ನಾನು ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಮಧ್ಯಾಹ್ನ ಊಟ, ಆಮೇಲೆ ಮಕ್ಕಳ ಮುಂದೆ ಬಡಾಯಿ. ಮಂಡಿಯಲ್ಲಿ ನನ್ನ ಮಾತಿಗೆ ಯಾರೂ ಬೆಲೆ ಕೊಡುತ್ತಿರಲಿಲ್ಲ. ಆರು ವರ್ಷದ ಸೊಸೆ ಮತ್ತು ಮೂರು ವರ್ಷದ ಅಳಿಯ ಮಾತ್ರ ನಾನು ಹೇಳಿದ್ದನ್ನೆಲ್ಲ ಬಾಯಿ ತೆರೆದು ಕೇಳುತ್ತಿದ್ದರು. ನಾನು ತುಂಗೆಯನ್ನು ಈ ದಡದಿಂದ ಆ ದಡಕ್ಕೆ ಒಂದೇ ಉಸಿರಿಗೆ ಈಜಿದವನು ಎಂದೂ ಅವರು ನಂಬಿದ್ದರು. ತುಂಗೆಯ ಜೊತೆ ನನ್ನ ಸಂಬಂಧವೆಂದರೆ ಮೆಟ್ಟಿಲ ಮೇಲೆ ಕುಳಿತು ಚೊಂಬಿನಲ್ಲಿ ನೀರು ಸುರಿದುಕೊಳ್ಳುವಷ್ಟು ಮಾತ್ರ.

ಆ ವರ್ಷ ಭಾವ, ಕಾರ್ಖಾನೆಯವರು ಕೊಡುವ ಪ್ರವಾಸದ ರಜೆಯಲ್ಲಿ ಎಲ್ಲರನ್ನೂ ಹಡಗಿನಲ್ಲಿ ಅಂಡಮಾನಿಗೆ ಕರೆದುಕೊಂಡು ಹೋಗುತ್ತೇನೆಂದು ಹೇಳಿದ್ದರು. ಸೊಸೆ ಹಳೆಯ ಕ್ಯಾಲೆಂಡರಿನಿಂದ ಬಿಳಿ ಹಡಗಿನ ಚಿತ್ರ ಕತ್ತರಿಸಿ ಗೋಡೆಗೆ ಅಂಟಿಸಿದಳು. ಕೊನೆಗೆ ಭಾವನಿಗೆ ರಜೆ ಸಿಗಲಿಲ್ಲ. ಹುಡುಗಿ ಗೋಡೆಯ ಕಡೆ ಮುಖ ಮಾಡಿ ಕುಳಿತವಳು ಊಟಕ್ಕೂ ಏಳಲಿಲ್ಲ. ಆಗ ನನ್ನ ಬಾಯಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು.

"ಅಂಡಮಾನ್ ಯಾಕೆ ಬೇಕು? ಇಲ್ಲೇ ಡ್ಯಾಮಲ್ಲಿ ಹಡಗಿದೆ. ದಸರಾ ರಜಕ್ಕೆ ನಾನೇ ಕರ್ಕೊಂಡು ಹೋಗ್ತೀನಿ."

ಅಕ್ಕ ಅಡುಗೆಮನೆಯಿಂದ ಹೊರಗೆ ಬಂದು ನನ್ನನ್ನೇ ನೋಡಿದಳು. ಮೂಲೆಯಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಅಕ್ಕನ ಅತ್ತೆ, ಮಕ್ಕಳ ಜೊತೆ ಸೇರಿ ನಾನೂ ಅಜ್ಜಿ ಎಂದೇ ಕರೆಯುತ್ತಿದ್ದವರು, ಮೆಲ್ಲುವುದನ್ನು ನಿಲ್ಲಿಸಿ, ತಾನೂ ಬರುತ್ತೇನೆ ಎಂದರು. ಹಡಗಿನ ಮೇಲಿನ ಆಸೆಯಿಂದ ಅಲ್ಲ, ನನ್ನ ಮೇಲೆ ನಂಬಿಕೆ ಇಲ್ಲದ್ದರಿಂದ ಎಂಬುದನ್ನೂ ಮುಚ್ಚಿಡದೆ ಹೇಳಿದರು.

ಮಾತು ಕೊಟ್ಟ ಕ್ಷಣದಿಂದ ನನಗೆ ಹೆದರಿಕೆ ಶುರುವಾಯಿತು. ಬಕೆಟ್ಟಿನಲ್ಲಿ ಕೈ ಅದ್ದುವಾಗಲೂ ಮೊದಲು ಅದರ ಆಳ ನೋಡುತ್ತಿದ್ದೆ. ನಮ್ಮ ಮಂಡಿಗೆ ಬರುವ ಲಾರಿ ಡ್ರೈವರನಿಗೆ ಹಿನ್ನೀರಿನಲ್ಲಿ ಮೀನು ಹಿಡಿಯುವವರೊಬ್ಬರ ಪರಿಚಯವಿತ್ತು. ಅವರ ದೋಣಿಗೆ ಮೋಟಾರು ಇದೆ ಎಂದು ಕೇಳಿ ಸ್ವಲ್ಪ ಧೈರ್ಯ ಬಂತು. ಲೈಫ್ ಜಾಕೆಟ್ ಇದೆಯೇ ಎಂದು ಕೇಳಿದರೆ, ಟ್ರ್ಯಾಕ್ಟರ್ ಟ್ಯೂಬ್ ಒಂದಿದೆ ಎಂದ. ಬಂದ ಧೈರ್ಯ ಹೋಯಿತು. ಆಗಲೇ ನನ್ನ ಕಣ್ಣು ಲಾರಿಯ ಮೇಲಿನ ಹಗ್ಗದ ಮೇಲೆ ಬಿದ್ದದ್ದು.

ಮಂಡಿಯಲ್ಲಿ ನಾನು ಸರಿಯಾಗಿ ಕಲಿತ ಒಂದೇ ವಿದ್ಯೆಯೆಂದರೆ ಲೋಡಿನ ಗಂಟು. ಅಡಿಕೆ ಮೂಟೆ ಪೇರಿಸಿ, ನಾರಿನ ಹಗ್ಗ ಎಳೆದು, ಕೊನೆಗೆ ಹಾಕುವ ಗಂಟು. ಒಮ್ಮೆ ಬಿಗಿದರೆ ಉತ್ತರ ಭಾರತದ ಊರು ಮುಟ್ಟುವವರೆಗೆ ಬಿಚ್ಚಿಕೊಳ್ಳಬಾರದು. ಮಳೆ ಬಿದ್ದರೆ ಇನ್ನೂ ಗಟ್ಟಿಯಾಗಬೇಕು. ಅಲ್ಲಿ ಅದನ್ನು ಬಿಚ್ಚುವುದಿಲ್ಲ, ಕತ್ತಿಯಿಂದ ಕೊಯ್ಯುತ್ತಾರೆ. ಈ ಕೊನೆಯ ಮಾತನ್ನು ಮಾತ್ರ ನಾನು ಮರೆತಿದ್ದೆ.

ರಜೆಯಲ್ಲಿ ಒಂದು ಬೆಳಿಗ್ಗೆ ನಾನು, ಅಕ್ಕ, ಅಜ್ಜಿ, ಮಕ್ಕಳು ಹೊರಟೆವು. ಮಕ್ಕಳಿಬ್ಬರೂ ಒಂದು ಟ್ರಂಕಿನ ತುಂಬ ಬಟ್ಟೆ ತುಂಬಿಕೊಂಡಿದ್ದರು. ಹಡಗಿನಲ್ಲಿ ಮಲಗುವ ಕೋಣೆ ಇರುತ್ತದೆಂದು ನಾನೇ ಹೇಳಿದ್ದೆ. ನನ್ನ ಚೀಲದಲ್ಲಿ ವಾಂತಿಗೆ ನಿಂಬೆಹಣ್ಣು, ಮಳೆಗೆ ಕೊಡೆ, ಹಗಲು ಹೊತ್ತಿನಲ್ಲಿ ಯಾಕೋ ಒಂದು ಟಾರ್ಚು, ಮತ್ತು ಕಿರುಬೆರಳು ದಪ್ಪದ ನಾರಿನ ಹಗ್ಗ. ಭಾವ ರಾತ್ರಿ ಪಾಳಿ ಮುಗಿಸಿ ಬಂದವರು ಬಸ್ ಸ್ಟ್ಯಾಂಡಿನವರೆಗೆ ಬಂದು, ಕೆಂಪಾದ ಕಣ್ಣಿನಲ್ಲೇ ಮಕ್ಕಳಿಗೆ ಟಾಟಾ ಮಾಡಿದರು. ಹುಷಾರು ಎಂದು ನನಗೆ ಮೂರು ಸಲ ಹೇಳಿದರು. ಒಂದೊಂದು ಸಲಕ್ಕೂ ನಾನು ಚೀಲದೊಳಗಿನ ಹಗ್ಗವನ್ನು ಮುಟ್ಟಿ ನೋಡಿಕೊಂಡೆ.

ಮಳೆಗಾಲ ಮುಗಿದ ಹೊಸತು. ಡ್ಯಾಮು ತುಂಬಿ, ಹಿನ್ನೀರು ಎಲ್ಲಿ ಮುಗಿದು ಕಾಡು ಎಲ್ಲಿ ಶುರುವಾಗುತ್ತದೆಂದೇ ತಿಳಿಯುತ್ತಿರಲಿಲ್ಲ. ದಡದಲ್ಲಿ ನಮ್ಮ ಹಡಗು ನಿಂತಿತ್ತು. ಮದುವೆ ಮನೆಯಲ್ಲಿ ಅನ್ನ ಬಸಿಯುವ ಕೊಳಗವನ್ನು ಉದ್ದಕ್ಕೆ ಎಳೆದ ಹಾಗಿತ್ತು. ಸೊಸೆ ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಮಾಮ, ಹಡಗೆಲ್ಲಿ?"

ದೊಡ್ಡದು ರಿಪೇರಿಗೆ ಹೋಗಿದೆ, ಇದು ಅದರ ಮರಿ ಎಂದೆ. ಅವಳು ಒಪ್ಪಿಕೊಂಡಳು. ಟ್ರಂಕನ್ನು ದೋಣಿಯವರ ಹೆಂಡತಿಯ ಬಳಿ ಬಿಟ್ಟೆವು. ಆಕೆ ನಾವು ತಿರುಗಿ ಬರುವಷ್ಟರಲ್ಲಿ ಮೀನಿಲ್ಲದ ಸಾರು ಮಾಡಿಡುವುದಾಗಿ ಹೇಳಿದರು. ಆಕೆಯದು ಭದ್ರಾವತಿಯ ಕಡೆಯ ತಮಿಳು ಮಿಶ್ರಿತ ಕನ್ನಡ. ದೋಣಿಯವರು ಮಾತು ಕಡಿಮೆಯ, ಕಪ್ಪು ಗಡ್ಡದ ಮನುಷ್ಯ. ಅವರ ಸೊಂಟದಲ್ಲಿ ಬಲೆ ಕೊಯ್ಯುವ ಒಂದು ಕತ್ತಿಯಿತ್ತು. ಮಕ್ಕಳಿರುವ ಜಾಗದಲ್ಲಿ ಕತ್ತಿ ಬೇಡ, ದಡದಲ್ಲೇ ಇಟ್ಟು ಬನ್ನಿ ಎಂದು ನಾನು ಜವಾಬ್ದಾರಿಯ ದನಿಯಲ್ಲಿ ಹೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಕತ್ತಿಯನ್ನು ಹೆಂಡತಿಯ ಕೈಗೆ ಕೊಟ್ಟರು.

ಆಮೇಲೆ ಅವರು ಮೋಟಾರಿನ ಕಡೆ ಬಗ್ಗಿದ್ದಾಗ ನಾನು ಹಗ್ಗ ತೆಗೆದೆ. ಒಂದು ತುದಿ ದೋಣಿಯ ಅಡ್ಡಹಲಗೆಗೆ. ಸೊಸೆಯ ಫ್ರಾಕಿಗೆ ಹಿಂದೆ ಕಟ್ಟುವ ಬಟ್ಟೆಯ ಪಟ್ಟಿ ಇತ್ತು, ಅದರಲ್ಲಿ ತೂರಿಸಿ ಒಂದು ಗಂಟು. ಅಳಿಯನ ಸೊಂಟಕ್ಕೆ ಸುತ್ತಿದರೆ ನಾರು ಚುಚ್ಚುತ್ತದೆಂದು ಅವನು ರಾಗ ತೆಗೆದ. ಅವನ ಉಡಿದಾರ ಕಣ್ಣಿಗೆ ಬಿತ್ತು. ದಸರಾಕ್ಕೆಂದು ಅಜ್ಜಿ ಹೊಸದಾಗಿ ಕಟ್ಟಿದ್ದ, ಕಪ್ಪು ನೂಲನ್ನು ಹೊಸೆದು ಹೊಸೆದು ಗಟ್ಟಿ ಮಾಡಿದ್ದ ಉಡಿದಾರ. ಅದರೊಳಗೆ ಹಗ್ಗ ತೂರಿಸಿ ಲೋಡಿನ ಗಂಟು ಬಿಗಿದೆ. ಅಕ್ಕ ಬೇಡವೆಂದಳು. ಅಡಿಕೆ ಮೂಟೆಯೇ ಬೀಳುವುದಿಲ್ಲ, ಇವರು ಬೀಳುತ್ತಾರೆಯೇ ಎಂದು ಅವಳನ್ನೇ ಗದರಿಸಿದೆ.

ಮೊದಲಿಗೆ ಎಲ್ಲವೂ ಚೆನ್ನಾಗಿತ್ತು, ನಾನೊಬ್ಬನನ್ನು ಬಿಟ್ಟು. ಮಕ್ಕಳು ನೀರು ಹಾರುವುದನ್ನು ನೋಡಿ ಕೇಕೆ ಹಾಕುತ್ತಿದ್ದರು. ಅಕ್ಕ ಎಷ್ಟೋ ದಿನಗಳ ಮೇಲೆ ನಗುತ್ತಿದ್ದಳು. ಅಜ್ಜಿ ಹಣೆಯ ವಿಭೂತಿ ಅಳಿಸದ ಹಾಗೆ ಸೆರಗು ಹೊದ್ದು ದೂರದ ಗುಡ್ಡ ನೋಡುತ್ತಿದ್ದರು. ನಾನು ಅಡ್ಡಹಲಗೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, ಇದು ಈಜುಗಾರರು ಕೂರುವ ಕ್ರಮ ಎಂದು ಸೊಸೆಗೆ ವಿವರಿಸುತ್ತಿದ್ದೆ.

ನಡುನೀರಿನಲ್ಲಿ ಮೋಟಾರು ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ನಿಂತಿತು. ಅಷ್ಟು ಹೊತ್ತು ಅದರ ಗದ್ದಲದಲ್ಲಿ ಕೇಳದಿದ್ದ ಗಾಳಿ ಈಗ ಕೇಳಿತು. ದೋಣಿಯವರು ಮೋಟಾರು ಶುರುಮಾಡುವ ದಾರ ಎಳೆದರು, ಎಳೆದರು, ಅದು ಮಿಸುಕಲಿಲ್ಲ. ದೋಣಿ ತನ್ನಷ್ಟಕ್ಕೆ ಅಡ್ಡ ತಿರುಗಿತು. ಅಲೆ ಪಕ್ಕದಿಂದ ಬಡಿಯಲು ಶುರುವಾಯಿತು. ಮೊದಲ ಅಲೆ ನನ್ನ ಮುಖಕ್ಕೆ ಬಿತ್ತು. ಎರಡನೆಯದು ಒಳಗೆ ಬಂದು ಕಾಲ ಕೆಳಗೆ ನಿಂತಿತು. ಮಕ್ಕಳು ಕುಳಿತಿದ್ದ ಕಡೆಯೇ ವಾಲುತ್ತಿತ್ತು.

ದೋಣಿಯವರು ಹುಟ್ಟು ಕೈಗೆ ತೆಗೆದುಕೊಂಡು, ತಿರುಗದೆಯೇ ಹೇಳಿದರು. "ಮಕ್ಕಳ್ನ ಇತ್ತಕಡೆ ಕಳ್ಸಿ ಸಾರ್."

ಮಕ್ಕಳು ಬರಲಿಲ್ಲ. ಅವರು ತಿರುಗಿ ನೋಡಿದರು. ಹಗ್ಗ ನೋಡಿದರು. ಹಗ್ಗ ಹೋಗಿ ಸೇರಿದ್ದ ಅಡ್ಡಹಲಗೆ ನೋಡಿದರು.

"ದೋಣಿಗಾ ಕಟ್ಟಿದೀರಾ?" ದನಿ ಏರಿರಲಿಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸಿತು. "ದೋಣಿ ಕೆಳಗೆ ಹೋದ್ರೆ ಮಕ್ಳು ಎಲ್ಲಿಗೆ ಹೋಗ್ತವೆ ಸಾರ್?"

ಆ ಕ್ಷಣದಲ್ಲಿ ನನಗೆ ಆದದ್ದನ್ನು ಹೆದರಿಕೆ ಎನ್ನಲಾರೆ. ಹೆದರಿಕೆ ನನಗೆ ವಾರದಿಂದ ಇತ್ತು, ಅದರ ಪರಿಚಯ ಚೆನ್ನಾಗಿತ್ತು. ಇದು ಬೇರೆ. ಕಿವಿಯಲ್ಲಿ ಹತ್ತಿ ತುಂಬಿದ ಹಾಗಾಗಿ, ಕಣ್ಣ ಮುಂದೆ ಅಳಿಯನ ಸೊಂಟದ ಆ ಗಂಟು ಒಂದೇ ಕಾಣುತ್ತಿತ್ತು. ಬಗ್ಗಿ ಬಿಚ್ಚಲು ಹೋದೆ. ನಾರು ನೆನೆದು ಕಲ್ಲಾಗಿತ್ತು. ಉಗುರು ಮುರಿಯಿತು. ಹಲ್ಲು ಹಾಕಿದೆ. ಮಂಡಿಯಲ್ಲಿ ನನ್ನ ಗಂಟನ್ನು ಎಲ್ಲರೂ ಹೊಗಳುತ್ತಿದ್ದುದು ನೆನಪಾಗಿ ಅಳು ಬಂತು. ಅಡ್ಡಹಲಗೆಯ ಗಂಟೂ ಅದರ ಅಣ್ಣನೇ.

ಅಕ್ಕ ನನ್ನನ್ನು ಪಕ್ಕಕ್ಕೆ ತಳ್ಳಿ, ಮಗಳ ಫ್ರಾಕಿನ ಪಟ್ಟಿಯನ್ನು ಹೊಲಿಗೆಯಿಂದಲೇ ಪರ್ರನೆ ಹರಿದು ಅವಳನ್ನು ದೋಣಿಯವರ ಕಡೆ ದಾಟಿಸಿದಳು. ಸಣ್ಣವನು ಉಳಿದ. ಉಡಿದಾರವನ್ನೇ ಕೆಳಗೆ ಜಾರಿಸಲು ನೋಡಿದಳು. ಹೊಸತು, ಬಿಗಿಯಾಗಿತ್ತು, ಒಳಗೆ ಹಗ್ಗ ಬೇರೆ. ಹುಡುಗ ನೋವಿಗೆ ಕಿರುಚಿದ. ಇನ್ನೊಂದು ಅಲೆ ಒಳಗೆ ಬಂತು. ನೀರು ಅವನ ಪಾದ ಮುಚ್ಚಿತು. ನಾನು ಕೊಡೆ ಮಡಿಸಿದ್ದನ್ನೇ ಹಿಡಿದು ನೀರು ಎತ್ತಿ ಹೊರಗೆ ಚೆಲ್ಲಲು ನೋಡುತ್ತಿದ್ದೆ ಎಂದು ಅಕ್ಕ ಈಗಲೂ ಹೇಳುತ್ತಾಳೆ. ನನಗೆ ನೆನಪಿಲ್ಲ. ಆದರೆ ನಾನು ಮಾಡುವಂಥದ್ದೇ.

ಕತ್ತಿ ದಡದಲ್ಲಿತ್ತು.

ಅಜ್ಜಿ ಸೊಂಟದ ಎಲೆಯಡಿಕೆ ಚೀಲದಿಂದ ಅಡಕತ್ತರಿ ತೆಗೆದರು. ಹಗ್ಗಕ್ಕೆ ಇಟ್ಟು ಒತ್ತಿದರು. ಅದು ನಾರನ್ನು ಅಗಿಯಿತೇ ಹೊರತು ಕತ್ತರಿಸಲಿಲ್ಲ. ಇನ್ನೊಮ್ಮೆ ಒತ್ತಿದರು. ಆಮೇಲೆ ಅಡಕತ್ತರಿಯನ್ನು ಉಡಿದಾರದ ಹತ್ತಿರ ತಂದು, ಅಲ್ಲೇ ನಿಲ್ಲಿಸಿದರು.

ನನಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ನಮ್ಮಲ್ಲಿ ಗಂಡಿನ ಸೊಂಟ ಉಡಿದಾರವಿಲ್ಲದೆ ಇರುವುದು ಸತ್ತಾಗ ಮಾತ್ರ. ಹಳೆಯದು ಸವೆದರೆ ಮೊದಲು ಹೊಸದು ಕಟ್ಟಿ, ಆಮೇಲೆ ಹಳೆಯದನ್ನು ತೆಗೆಯುತ್ತಾರೆ. ಅಕ್ಕ ಅತ್ತೆಯ ಮುಖ ನೋಡುತ್ತಿದ್ದಳು.

ಅಜ್ಜಿ ಅಡಕತ್ತರಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಸೆರಗಿನ ಅಂಚು ಹುಡುಕಿದರು. ಅದರಿಂದ ಒಂದು ಎಳೆ ಕಿತ್ತು ಎಳೆಯಲು ಶುರು ಮಾಡಿದರು, ಮನೆಯ ಜಗಲಿಯಲ್ಲಿ ಹೂ ಕಟ್ಟಲು ಕುಳಿತವರ ಹಾಗೆ.

"ಅಜ್ಜಿ, ದೋಣಿ ಮುಳುಗ್ತಾ ಇದೆ," ಎಂದೆ. ದನಿ ನನ್ನದಾಗಿರಲಿಲ್ಲ, ಯಾವುದೋ ಕೋಳಿಯದು.

"ಮುಳುಗ್ಲಿ. ಇವನು ಮುಳುಗ್ಬಾರ್ದು ಅಂತಾನೇ ಮಾಡ್ತಿರೋದು. ನೀನು ಸುಮ್ನೆ ಮಗೂನ ಹಿಡ್ಕೊ."

ಹಿಡಿದುಕೊಂಡೆ. ಅಲ್ಲಿಯವರೆಗೆ ನಾನು ಹುಡುಗನನ್ನು ಮುಟ್ಟಿಯೇ ಇರಲಿಲ್ಲ. ಹಗ್ಗವನ್ನು ಮುಟ್ಟಿದ್ದೆ, ಗಂಟನ್ನು ಕಚ್ಚಿದ್ದೆ. ಅವನ ಬೆನ್ನು ನನ್ನ ಎದೆಗೆ ತಾಗಿದಾಗ ಅವನ ಎದೆಬಡಿತ ಮೊಲದ ಮರಿಯದ್ದರ ಹಾಗೆ ಕೈಗೆ ಸಿಕ್ಕಿತು. ನನ್ನದೂ ಹಾಗೇ ಇತ್ತು. ಇಬ್ಬರೂ ಸೇರಿ ದೋಣಿಯನ್ನು ಇನ್ನಷ್ಟು ಅಲುಗಿಸುತ್ತಿದ್ದೇವೇನೋ ಎನಿಸಿತು.

ಎಳೆ ನಡುವೆ ತುಂಡಾಯಿತು. ಅಜ್ಜಿ ಇನ್ನೊಂದು ಕಿತ್ತರು. ಒಂದು ಅಲೆ ಬಂದು ಅವರ ಮಡಿಲು ನೆನೆಸಿತು. ಎಳೆಯನ್ನು ಎರಡಾಗಿ ಮಡಿಸಿದರು, ಹುಡುಗನ ಸೊಂಟಕ್ಕೆ ಸುತ್ತಿದರು, ಗಂಟು ಹಾಕಿದರು, ಗಂಟು ನಿಂತಿತೇ ಎಂದು ಬೆರಳು ತೂರಿಸಿ ನೋಡಿದರು. ಆ ಹೊತ್ತಿನಲ್ಲಿ ನಾನು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತು ಮುಗಿಸಿ, ಗೊತ್ತಿಲ್ಲದವರ ಕಡೆ ಹೋಗಿದ್ದೆ. ಆಮೇಲೆ ಅಜ್ಜಿ ಅಡಕತ್ತರಿ ತೆಗೆದುಕೊಂಡರು. ಟಕ್ ಎಂದಿತು, ಹೋಳು ಮಾಡುವಾಗಿನ ಅದೇ ಸದ್ದು. ಹಗ್ಗ ನೀರಿಗೆ ಬಿತ್ತು. ಕಪ್ಪು ಉಡಿದಾರ ಅದರ ಗಂಟಿನಲ್ಲೇ ನೇತಾಡುತ್ತಿತ್ತು. ಎರಡು ತೋಳೂ ಸುತ್ತಿ, ನಾನು ಹುಡುಗನ ಸಮೇತ ತೆವಳಿಕೊಂಡೇ ಆ ಬದಿಗೆ ಸೇರಿದೆ.

ಭಾರ ಆ ಕಡೆ ಬಂದ ಮೇಲೆ ದೋಣಿ ನೆಟ್ಟಗಾಯಿತು. ದೋಣಿಯವರು ಹುಟ್ಟು ಹಾಕಿ ಮೂತಿಯನ್ನು ಗಾಳಿಗೆ ತಿರುಗಿಸಿದರು. ಅಲೆ ಒಳಗೆ ಬರುವುದು ನಿಂತಿತು. ಅಕ್ಕ ಊಟದ ಡಬ್ಬಿಯ ಮುಚ್ಚಳದಲ್ಲಿ ನೀರು ಹೊರಗೆ ಚೆಲ್ಲಿದಳು. ನಾವು ಮುಳುಗುವಷ್ಟು ಹತ್ತಿರಕ್ಕೇನೂ ಹೋಗಿರಲಿಲ್ಲ ಎಂದು ದೋಣಿಯವರು ಆಮೇಲೆ ಹೇಳಿದರು. ಅದನ್ನು ಅವರು ಮೊದಲೇ ಹೇಳಬಹುದಿತ್ತು. ಆದರೆ ಹೇಳುವಾಗ ಅವರೂ ಮಕ್ಕಳಿಬ್ಬರನ್ನು ಇನ್ನೊಮ್ಮೆ ಎಣಿಸಿಕೊಂಡರು, ಅದನ್ನು ನಾನು ನೋಡಿದೆ.

ದಡಕ್ಕೆ ಬಂದಾಗ ನನಗೆ ಇಳಿಯಲಾಗಲಿಲ್ಲ. ದೋಣಿಯವರ ಹೆಂಡತಿ ಬಂದು, ಮಕ್ಕಳನ್ನು ಇಳಿಸಿದ ಮೇಲೆ ನನ್ನನ್ನೂ ಕೈ ಹಿಡಿದು ಇಳಿಸಿದರು. ಸೊಸೆ ಹರಿದ ಫ್ರಾಕಿನಲ್ಲೇ ಸಾರು ಅನ್ನ ಉಂಡು, ದೊಡ್ಡ ಹಡಗು ರಿಪೇರಿಯಿಂದ ಯಾವಾಗ ಬರುತ್ತದೆಂದು ಕೇಳಿದಳು. ಅಕ್ಕ ನನ್ನ ತಟ್ಟೆಗೆ ಅನ್ನ ಬಡಿಸಿದಳು, ಅಷ್ಟೇ.

ತಿರುಗಿ ಬರುವ ಬಸ್ಸಿನಲ್ಲಿ ಅಜ್ಜಿಯ ಪಕ್ಕ ಜಾಗ ಸಿಕ್ಕಿತು. ಸಣ್ಣವನು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಅಂಗಿ ಮೇಲೆ ಸರಿದು, ಸೊಂಟದಲ್ಲಿ ಸೀರೆಯ ಅಂಚಿನ ಹಸಿರು ಎಳೆ ಕಾಣುತ್ತಿತ್ತು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ನಾನು ಅವನನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದೆ. ಅಜ್ಜಿ ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಇನ್ನು ಬೈಗುಳ ಶುರುವಾಗುತ್ತದೆಂದು ನಾನು ಕತ್ತು ಬಗ್ಗಿಸಿದೆ. ಅವರು ಒದ್ದೆ ಚೀಲದಿಂದ ಅಡಿಕೆ ತೆಗೆದು, ಅದೇ ಅಡಕತ್ತರಿಯಲ್ಲಿ ಹೋಳು ಮಾಡಿ, ಒಂದು ಹೋಳು ನನ್ನ ಕೈಗೂ ಇಟ್ಟರು.

"ಇವರನ್ನ ಇನ್ನೊಂದ್ಸಲ ಕರ್ಕೊಂಡು ಹೋಗು ಮಾರಾಯ, ಪಾಪ, ಹುಡುಗಿ ಆಸೆ ಪಟ್ಟಿದಾಳೆ," ಎಂದರು. "ಆ ಹಗ್ಗ ಮಾತ್ರ ಮಂಡಿಯಲ್ಲೇ ಬಿಟ್ಟು, ಹಿಡ್ಕೊಳ್ಳೋಕೆ ಕೈ ತಗೊಂಡು ಬಾ."