ಪರದೆಯ ಬಲಮೂಲೆಯ ಕೆಂಪು

ವರ್ಕ್‌ಶಾಪಿನ ಯಜಮಾನರು ಕೇಳಿದ ಪ್ರಶ್ನೆ ಸರಳವಾಗಿತ್ತು: ಯಂತ್ರದ ಟೂಲ್ ಹೋಗಿ ಬಡಿಯುವ ಮುಂಚೆ ಪರದೆಯ ಮೇಲೆ ಎಚ್ಚರಿಕೆ ಬಂದಿತ್ತೇ, ಇಲ್ಲವೇ? ಆಗ ನಾನು ಅಲ್ಲೇ ಇದ್ದೆ, ಯಂತ್ರದಿಂದ ಕೆಲವೇ ಹೆಜ್ಜೆ ದೂರದಲ್ಲಿ. ಪರದೆಯ ಬಲಮೂಲೆಯಲ್ಲಿ ಕೆಂಪು ಕಂಡದ್ದು ಚೆನ್ನಾಗಿ ನೆನಪಿತ್ತು. ಬಂದಿತ್ತು ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆ ಯಂತ್ರ ನಡೆಸುತ್ತಿದ್ದ ಹೆಣ್ಣುಮಗಳು ಮತ್ತೆ ಅದರ ಮುಂದೆ ನಿಲ್ಲುವುದೂ ಅಲ್ಲಿಗೆ ಮುಗಿಯುತ್ತಿತ್ತು.

ನಾನು ಮಾಡುವುದು ಪರದೆಗಳನ್ನು ರೂಪಿಸುವ ಕೆಲಸ. ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಲೇತ್‌ಗಳಿರುತ್ತವಲ್ಲ, ಸಿಎನ್‌ಸಿ ಎನ್ನುತ್ತಾರೆ, ಅವುಗಳ ಮುಂದೆ ನಿಂತವರು ಏನನ್ನು ನೋಡಬೇಕು, ಯಾವ ಗುಂಡಿ ಎಲ್ಲಿರಬೇಕು, ಯಾವ ಅಕ್ಷರ ಎಷ್ಟು ದೊಡ್ಡದಿರಬೇಕು ಎಂದು ತೀರ್ಮಾನಿಸುವುದು. ಜೆ.ಪಿ. ನಗರದಲ್ಲಿ ಒಂದು ದರ್ಶಿನಿ ಹೋಟೆಲಿನ ಮೇಲಿನ ಮಹಡಿ ನಮ್ಮ ಆಫೀಸು. ಸಣ್ಣ ವರ್ಕ್‌ಶಾಪುಗಳಿಗಾಗಿ, ಕನ್ನಡದಲ್ಲಿ, ಎಣ್ಣೆಗೈಯಲ್ಲೂ ಒತ್ತಬಹುದಾದ ಪರದೆ ಮಾಡಬೇಕೆಂದು ಹೊರಟಿದ್ದೆವು. ಮೊದಲನೆಯದನ್ನು ಅರೆಕೆರೆಯ ಈ ಶೆಡ್ಡಿನಲ್ಲಿ ಕೂರಿಸಿದ್ದೆವು. ಯಜಮಾನರು ಆ ಊರಿನ ಹಳೆಯ ಮನೆತನದವರು. ಅವರ ತಂದೆ ರಾಗಿ ಬೆಳೆದ ಹೊಲದಲ್ಲೇ ಈಗ ಶೆಡ್ಡು, ಪಕ್ಕದಲ್ಲೇ ಮನೆ. ಮನೆಯಲ್ಲಿ ಅವರ ತಾಯಿ. ಕೆಲಸದವರೆಲ್ಲ ಅವರನ್ನು ಅಜ್ಜಿ ಎನ್ನುತ್ತಿದ್ದರು.

ಯಂತ್ರದ ಮುಂದೆ ನಿಲ್ಲುತ್ತಿದ್ದಾಕೆ ಐಟಿಐ ಓದಿದವಳು, ಬನಶಂಕರಿಯಿಂದ ಬಸ್ಸು ಬದಲಾಯಿಸಿಕೊಂಡು ಬರುತ್ತಿದ್ದಳು. ಆ ಶೆಡ್ಡಿನಲ್ಲಿ ಯಂತ್ರ ನಡೆಸಿದ ಮೊದಲ ಹೆಂಗಸು. ಅದಕ್ಕೂ ಮುಂಚೆ ಉಳಿದ ಹೆಂಗಸರ ಜೊತೆ ಮೇಜಿನ ಮುಂದೆ ಕೂತು, ಕಡೆದ ಲೋಹದ ಅಂಚಿನ ಚೂಪನ್ನು ಅರದಿಂದ ಉಜ್ಜುತ್ತಿದ್ದಳು. ಮೇಜಿನಿಂದ ಯಂತ್ರಕ್ಕೆ ಬರಲು ಅವಳಿಗೆ ವರ್ಷಗಳು ಬೇಕಾಗಿದ್ದವು.

ಆ ದಿನ ನಡೆದದ್ದು ಇಷ್ಟು. ಲೋಹ ಕಡೆಯುವ ಟೂಲಿನ ಮೊನೆ ಸವೆದಾಗ ಅಳತೆಯನ್ನು ಕೊಂಚ ತಿದ್ದಿ ಕೊಡಬೇಕಾಗುತ್ತದೆ. ಅವಳು ಪಾಯಿಂಟ್ ಎರಡು ಎಂದು ಒತ್ತುವಲ್ಲಿ ಬರೀ ಎರಡು ಒತ್ತಿದಳು. ಜಾಬನ್ನು, ಅಂದರೆ ಕಡೆಯಬೇಕಾದ ಲೋಹದ ತುಂಡನ್ನು, ಹಿಡಿದು ತಿರುಗುವ ಚಕ್ಕಿಗೂ ಟೂಲಿಗೂ ನಡುವೆ ಅಷ್ಟು ಜಾಗ ಇರಲಿಲ್ಲ. ಹಸಿರು ಗುಂಡಿ ಒತ್ತಿದ ಮೇಲೆ ಕೇಳಿಸಿದ ಸದ್ದಿಗೆ ಹೊರಗೆ ಮಲಗಿದ್ದ ನಾಯಿ ಎದ್ದು ಓಡಿತು. ಯಾರಿಗೂ ಏಟಾಗಲಿಲ್ಲ. ಟೂಲ್ ಮುರಿದಿತ್ತು, ಚಕ್ಕಿನ ದವಡೆ ಸೀಳಿತ್ತು.

ತಿದ್ದುಪಡಿ ಅತಿಯಾದರೆ ಪರದೆ ಎಚ್ಚರಿಸಬೇಕು. ಎಚ್ಚರಿಸುತ್ತದೆ, ಆದರೆ ಯಂತ್ರವನ್ನು ನಿಲ್ಲಿಸುವುದಿಲ್ಲ. ಮಾತುಮಾತಿಗೆ ನಿಲ್ಲುವ ಯಂತ್ರ ಬೇಡವೆಂದು ನಾವು ವಿಚಾರಿಸಿದ ಯಜಮಾನರೆಲ್ಲ ಗೊಣಗಿದ್ದರಿಂದ, ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಕೆಂಪು ಚೌಕ ತೋರಿಸಿ ಸುಮ್ಮನಾಗುವಂತೆ ಮಾಡಿದ್ದೆವು. ಯಂತ್ರ ಯಾವಾಗ ನಿಂತಿತು ಎಂಬುದನ್ನಷ್ಟೇ ಪರದೆ ದಾಖಲಿಸಿಕೊಳ್ಳುತ್ತಿತ್ತು, ಎಚ್ಚರಿಸಿದ್ದನ್ನಲ್ಲ. ಹಾಗಾಗಿ ಉಳಿದ ಸಾಕ್ಷಿ ನಾನೊಬ್ಬನೇ.

"ಸಾರ್, ನೀವೇ ಇದ್ರಲ್ಲ, ಹೇಳ್ಬಿಡಿ" ಎಂದರು ಯಜಮಾನರು. "ಬಂತು ಅಂದ್ರೆ ಆಯಮ್ಮಂದು ತಪ್ಪು. ಬರ್ಲಿಲ್ಲ ಅಂದ್ರೆ ನಿಮ್ ಸ್ಕ್ರೀನ್ ಬಿಚ್ಕೊಂಡ್ ಹೋಗಿ."

ಅವಳು ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. "ಬಂದಿದ್ರೆ ನಾನ್ಯಾಕ್ ಸಾರ್ ಒತ್ತಿದ್ದೆ? ನನಗೂ ಆ ಟೂಲ್‌ಗೂ ಏನು ಹಳೇ ಜಗಳಾನಾ?"

ಕೆಂಪು ನನಗೆ ನೆನಪಿತ್ತು, ನಿಜ. ಆದರೆ ನನ್ನ ನೆನಪಿನ ಮೇಲೆ ನನಗೆ ಭರವಸೆ ಇಲ್ಲ. ವಿಶ್ವವಿದ್ಯಾಲಯದಲ್ಲಿ ಮನುಷ್ಯರ ಗಮನ ಎಲ್ಲಿ ಜಾರುತ್ತದೆ, ನೆನಪು ಹೇಗೆ ತಾನೇ ಖಾಲಿ ಜಾಗ ತುಂಬಿಕೊಳ್ಳುತ್ತದೆ ಎಂಬುದನ್ನೇ ಓದಿದವನು ನಾನು. ಓದದಿದ್ದರೂ ಮನೆಯಲ್ಲಿ ಪಾಠ ಆಗಿಯೇ ಇತ್ತು. ಹೆಂಡತಿಯನ್ನು ಜಯನಗರದ ಕಾಂಪ್ಲೆಕ್ಸಿನಲ್ಲಿ ಮೊದಲ ಸಲ ಕಂಡಾಗ ಅವಳು ಹಸಿರು ಚೂಡಿದಾರ ಹಾಕಿದ್ದಳು ಎಂದು ವರ್ಷಗಟ್ಟಲೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಅವಳ ಹತ್ತಿರ ಹಸಿರು ಚೂಡಿದಾರವೇ ಇರಲಿಲ್ಲವಂತೆ. ಆಫೀಸಿನಲ್ಲಿ ಲೆಕ್ಕವಿಲ್ಲದಷ್ಟು ಸಲ ಆ ಕೆಂಪು ಚೌಕವನ್ನು ನೋಡಿದ್ದ ನನ್ನ ಕಣ್ಣು, ಅದನ್ನೇ ತಂದು ಈ ಶೆಡ್ಡಿಗೂ ಅಂಟಿಸಿರಬಹುದು.

ಗೊತ್ತಿಲ್ಲ ಎಂದೆ. ಯಜಮಾನರಿಗೆ ಸಿಟ್ಟು ಬಂತು. ಕಣ್ಣೆದುರು ನಡೆದದ್ದನ್ನು ಹೇಳಲಾಗದವರು ಅಷ್ಟೆಲ್ಲ ಓದಿ ಏನು ಬಂತು ಎಂದು ಕೇಳಿದರು. ಯಂತ್ರ ರಿಪೇರಿಯಾಗಲಿ, ಅದೇ ಜಾಗದಲ್ಲಿ ಅದೇ ತಪ್ಪನ್ನು ಮತ್ತೊಮ್ಮೆ ಮಾಡಿ ನೋಡೋಣ, ಅಲ್ಲಿಯವರೆಗೆ ಯಾರ ತಪ್ಪೂ ಅಲ್ಲ ಎಂದೆ. ಅವರು ಒಪ್ಪಿದರೋ, ನನ್ನಿಂದ ಬಿಡಿಸಿಕೊಂಡರೆ ಸಾಕೆನಿಸಿತೋ, ತಲೆಯಾಡಿಸಿದರು. ಆದರೆ ಅವಳನ್ನು ಅಂದೇ ಅರದ ಮೇಜಿಗೆ ಕಳಿಸಿದರು.

ಯಂತ್ರ ಸರಿಯಾದ ಮೇಲೆ ಹೋದೆ. ಮತ್ತೆ ಬಡಿಯದಿರಲೆಂದು ಟೂಲನ್ನು ಕದಲದಂತೆ ಲಾಕ್ ಮಾಡಿದೆವು, ಹಾಗೆ ಮಾಡಿದರೂ ಪರದೆ ಎಂದಿನಂತೆ ನಡೆಯುತ್ತದೆ. ಅವಳನ್ನೇ ನಿಲ್ಲಿಸೋಣ ಎಂದು ಯಜಮಾನರು ಹೇಳಿದರು. ಬೇಡ ಎಂದೆ. ಈಗ ಅವಳಿಗೆ ಏನು ಹುಡುಕಬೇಕೆಂದು ಗೊತ್ತು, ಹುಡುಕಿಯೇ ಹುಡುಕುತ್ತಾಳೆ. ನೀವೇ ನಿಲ್ಲಿ, ಅವಳ ಹಾಗೆಯೇ ಜಾಬ್ ಕೂರಿಸಿ, ಅಳತೆ ನೋಡಿ, ತಿದ್ದಿ, ಯಂತ್ರದ ಬಾಗಿಲು ಹಾಕಿ, ಹಸಿರು ಒತ್ತಿ. ನಡುವೆ ಯಾವುದೋ ಒಂದು ಸಲ ಪಾಯಿಂಟ್ ಬಿಟ್ಟು ಎರಡು ಒತ್ತಿ, ಯಾವಾಗ ಎಂದು ನಮಗೆ ಹೇಳಬೇಡಿ. ನನಗೇನು ಪರೀಕ್ಷೇನಾ ಎಂದು ನಗುತ್ತಲೇ ಅವರು ನಿಂತರು. ಯಂತ್ರ ನಡೆಸಿ ಬೆಳೆದವರೇ. ಕೈ ಬೇಗ ಬೇಗ ಓಡಿತು.

ಹಿಂದೆ ನಿಂತ ನಾನೂ ಅವಳೂ ಪರದೆಯನ್ನೇ ನೋಡುತ್ತಿದ್ದೆವು. ಯಜಮಾನರು ಹಸಿರು ಒತ್ತಿ ತಿರುಗಿದರು.

"ಈಗ್ಲೇ ಕೊಟ್ಟೆ, ಎರಡು. ಏನೂ ಬರ್ಲಿಲ್ವಲ್ಲ."

ನನಗೂ ಏನೂ ಬಂದಂತೆ ಕಾಣಲಿಲ್ಲ. ಹಾಗಾದರೆ ನಮ್ಮ ಪರದೆಯದೇ ತಪ್ಪು, ಬಿಚ್ಚಿಕೊಂಡು ಹೋಗಬೇಕು ಎಂದುಕೊಳ್ಳುತ್ತ ಹತ್ತಿರ ಹೋಗಿ ಬಗ್ಗಿದೆ. ಬಂದಿತ್ತು. ಬಲಮೂಲೆಯಲ್ಲಿ, ಇರಬೇಕಾದಲ್ಲೇ ಚೌಕ ಉರಿಯುತ್ತಿತ್ತು. ಅದರ ಮೇಲೆ, ಪರದೆಯಿಂದ ಯಾರೂ ಕಿತ್ತುಹಾಕದ ಪ್ಲಾಸ್ಟಿಕ್ ಹಾಳೆಯ ಮೇಲೆ, ಆಯುಧಪೂಜೆಯಲ್ಲಿ ಅಜ್ಜಿ ಇಟ್ಟ ಕುಂಕುಮ. ಅಗಲವಾಗಿ, ಧಾರಾಳವಾಗಿ ಇಟ್ಟಿದ್ದರು. ಎಣ್ಣೆಹಬೆಗೆ ಹರಡಿ ಗಟ್ಟಿಯಾಗಿ ಕೂತಿತ್ತು. ಕೆಂಪಿನ ಕೆಳಗೆ ಕೆಂಪು ಹೊತ್ತಿಕೊಂಡರೆ ನಿಂತ ಜಾಗದಿಂದ ಯಾವ ವ್ಯತ್ಯಾಸವೂ ಕಾಣದು. ಹಬ್ಬದಿಂದೀಚೆಗೆ ಅಲ್ಲಿ ಯಾವಾಗಲೂ ಕೆಂಪು ಇದ್ದೇ ಇತ್ತು. ಅವಳ ಕಣ್ಣು ಆ ಮೂಲೆಯನ್ನು ಬಿಟ್ಟೇ ಬಿಟ್ಟಿತ್ತು. ಯಾರ ಕಣ್ಣಾದರೂ ಬಿಡುತ್ತಿತ್ತು.

ನನ್ನ ನೆನಪಿನ ಕೆಂಪೂ ಅದೇ ಇರಬೇಕು. ಅಥವಾ ಎರಡೂ. ಈಗಲೂ ಹೇಳಲಾರೆ.

ಒರೆಸಿ ನೋಡೋಣ ಎಂದರೆ ಯಾರೂ ಕೈ ಹಾಕಲಿಲ್ಲ. ಪೂಜೆಯ ಕುಂಕುಮವನ್ನು ಮುಂದಿನ ಪೂಜೆಯವರೆಗೆ ಮುಟ್ಟುವುದಿಲ್ಲ, ತಾನಾಗಿ ಹೋದರೆ ಹೋಗಲಿ. ಯಜಮಾನರು ಮನೆಯ ಕಡೆ ಮುಖ ಮಾಡಿ ತಾಯಿಯನ್ನು ಕೂಗಿದರು. ಅಜ್ಜಿ ಸೊಪ್ಪು ಬಿಡಿಸುತ್ತಿದ್ದ ಕೈಯಲ್ಲೇ ಬಂದು, ವಿಷಯ ಕೇಳಿ, ಮಗನನ್ನು ಗದರಿಕೊಂಡರು.

"ಮಾತಾಡೋ ಬಾಯಿ ಮೇಲೆ ಇಡ್ತಿದೀನಿ ಅಂತ ಯಾರಾದ್ರೂ ಹೇಳ್ಬೇಕಲ್ವೇನೋ. ನಂಗೇನ್ ಗೊತ್ತು, ಟಿವಿ ಇದ್ದಂಗಿತ್ತು, ಇಟ್ಟೆ."

ಅವರೇ ಸೆರಗಿನಿಂದ ಒರೆಸಿದರು. ಚೌಕ ಢಾಳಾಗಿ ಹೊರಬಂತು. ತಮಗೂ ಅದು ಕಾಣಲಿಲ್ಲ ಎಂಬುದನ್ನು ಯಜಮಾನರು ತಾವೇ ಹೇಳಿದರು. ಆದರೂ ಅವಳನ್ನು ತಕ್ಷಣ ಯಂತ್ರಕ್ಕೆ ಕರೆಯಲಿಲ್ಲ. ಕುಂಕುಮ ಒರೆಸಿದ್ದಾಯಿತು, ನಾಳೆ ಇನ್ನೇನೋ ಬಂದು ಕೂರುತ್ತದೆ. ಮೊದಲು ಪರದೆಯನ್ನು ಸರಿಮಾಡಿಕೊಂಡು ಬನ್ನಿ, ಆಮೇಲೆ ನಿಲ್ಲಿಸುತ್ತೇನೆ ಎಂದರು. ನ್ಯಾಯವಾದ ಮಾತೇ. ಗೇಟಿನ ತನಕ ಬಂದ ಅವಳು, "ಬೇಗ ಮಾಡಿ ಸಾರ್. ಆ ಮೇಜಲ್ಲಿ ಕೂತ್ರೆ ಕೂತ್ಕಂಡೇ ಇರ್ಬೇಕಾಗುತ್ತೆ" ಎಂದಳು.

ಆಫೀಸಿನಲ್ಲಿ ವಿಷಯ ಹೇಳಿದಾಗ ಮೊದಲು ಎಲ್ಲರೂ ನಕ್ಕರು. ಎಚ್ಚರಿಕೆಯನ್ನು ಮೂಲೆಯಿಂದ ತೆಗೆದು, ಕೈ ಒತ್ತುವ ಅಂಕಿಯ ಪಕ್ಕಕ್ಕೇ ತರಬೇಕು, ಬಣ್ಣ ಕೆಂಪಿರಬಾರದು, ಈ ಅಂಕಿ ಸರಿಯೇ ಎಂದು ಅದು ಕೇಳಬೇಕು, ಉತ್ತರ ಕೊಡುವವರೆಗೆ ಹಸಿರು ಗುಂಡಿ ಕೆಲಸ ಮಾಡಬಾರದು ಎಂಬುದನ್ನು ಒಪ್ಪಿದರು. ಕುಂಕುಮಕ್ಕೆಂದು ಬಲಮೂಲೆಯನ್ನು ಏನೂ ಇಲ್ಲದೆ ಖಾಲಿ ಬಿಡಬೇಕು ಎಂಬುದನ್ನು ಒಪ್ಪಲಿಲ್ಲ. ಒಬ್ಬ ಗೆಳೆಯ, "ಮಗಾ, ನಿನ್ನ ಸ್ಕ್ರೀನಿಗೆ ಗೃಹಪ್ರವೇಶ ಯಾವಾಗ? ದೇವರಮನೆ ಕಟ್ತಿದೀಯಲ್ಲ" ಎಂದ. ನಮ್ಮ ಮುಖ್ಯಸ್ಥರು ನಗಲಿಲ್ಲ. ಒಂದು ಶೆಡ್ಡಿನ ಒಬ್ಬ ಅಜ್ಜಿಗಾಗಿ ಪರದೆಯ ಜಾಗ ಬಿಟ್ಟುಕೊಡಲಾಗದು ಎಂದರು.

ಅನುಮಾನ ಪಡುವವರ ಜೊತೆ ನನಗೆ ಜಗಳವಿಲ್ಲ, ನಾನೂ ಅದೇ ಜಾತಿ. ಮಾರನೆಯ ದಿನದಿಂದ ಸ್ಕೂಟರ್ ಹತ್ತಿ ಸುತ್ತಿದೆ. ಬನಶಂಕರಿಯ ಹಿಂದಿನ ಓಣಿಗಳು, ಬನ್ನೇರುಘಟ್ಟ ರಸ್ತೆಯ ಒಳಗಿನ ಶೆಡ್ಡುಗಳು, ಎಲ್ಲಿ ಲೇತ್ ಸದ್ದು ಕೇಳಿದರೆ ಅಲ್ಲಿ ಇಳಿದು, ಒಳಗೆ ಬಿಟ್ಟವರ ಹತ್ತಿರ ಕೇಳಿಕೊಂಡು ಪರದೆಗಳ ಫೋಟೊ ತೆಗೆದೆ. ಸಂಜೆ ತ್ಯಾಗರಾಜನಗರದ ನಮ್ಮ ಮನೆಗೆ ಬಂದರೆ ಬಟ್ಟೆಯೆಲ್ಲ ಯಂತ್ರ ತಣಿಸುವ ಕೂಲೆಂಟ್ ಎಣ್ಣೆಯ ವಾಸನೆ. ಊಟದ ಮೇಜಿನ ಮೇಲೂ ಪರದೆಗಳ ಮೆರವಣಿಗೆ ಯಾಕೆ ಎಂದು ಹೆಂಡತಿ ಫೋನ್ ಕಿತ್ತಿಟ್ಟಳು. ಕುಂಕುಮ, ವಿಭೂತಿ, ಗಂಧ, ದೇವರ ಸ್ಟಿಕ್ಕರ್, ದರ್ಗಾದಿಂದ ತಂದ ಹಸಿರು ದಾರ, ಸಿನಿಮಾ ನಟನ ಚಿತ್ರ, ಒಂದು ಕಡೆ ಕ್ರಿಕೆಟ್ ನೋಡಲು ಕಟ್ಟಿದ ಮೊಬೈಲ್. ನಮ್ಮ ಆಫೀಸಿನ ಪರದೆಯಂತೆ ಖಾಲಿ ಇದ್ದದ್ದು ನನಗೆ ಒಂದೂ ಸಿಗಲಿಲ್ಲ. ಫೋಟೊಗಳನ್ನು ಮುಖ್ಯಸ್ಥರ ಮುಂದಿಟ್ಟೆ. ನಾವು ಜಾಗ ಬಿಡದಿದ್ದರೂ ಅವರು ತೆಗೆದುಕೊಂಡೇ ತೆಗೆದುಕೊಳ್ಳುತ್ತಾರೆ, ಯಾವ ಜಾಗ ಎಂಬುದನ್ನು ನಾವು ಹೇಳಿದರೆ ಒಳ್ಳೆಯದು ಎಂದೆ. ಅವರು ಫೋಟೊಗಳನ್ನು ಎರಡು ಸಲ ನೋಡಿ, ಸರಿ ಎಂದರು.

ಹೊಸ ಪರದೆಯ ನಮೂನೆಯನ್ನು ಊಟದ ಬಿಡುವಿನಲ್ಲಿ ಅರದ ಮೇಜಿಗೇ ಒಯ್ದು ಅವಳ ಮುಂದಿಟ್ಟೆ. ನಾಲ್ಕು ಸಲ ಒತ್ತಿ, "ಎಲ್ಲದಕ್ಕೂ ಹೌದಾ ಹೌದಾ ಅಂತ ಕೇಳುತ್ತೆ ಸಾರ್, ನಮ್ಮತ್ತೆ ಥರ. ಆಮೇಲೆ ನಾನು ಅತ್ತೆಗೆ ಮಾಡೋದನ್ನೇ ಮಾಡ್ತೀನಿ, ಕೇಳಿಸ್ಕೊಳ್ದೆ ಹೂಂ ಅಂತೀನಿ" ಎಂದಳು. ಪಕ್ಕದ ಹೆಂಗಸರು ನಕ್ಕರು. ನಾನು ವಾಪಸ್ ಹೋಗಿ, ತಿದ್ದುಪಡಿ ನಿಜಕ್ಕೂ ದೊಡ್ಡದಾದಾಗ ಮಾತ್ರ ಕೇಳುವಂತೆ ಮಾಡಿದೆ. ಆಗಲೂ ಬರೀ ಹೌದು ಎಂದರೆ ಸಾಲದು, ಅಂಕಿಯನ್ನು ಮತ್ತೊಮ್ಮೆ ಒತ್ತಬೇಕು. ಪರದೆ ಕೂರಿಸಿದ ದಿನ ಯಜಮಾನರು ಮತ್ತೆ ತಾವೇ ನಿಂತು ಎರಡು ಒತ್ತಿದರು. ಹಳದಿ ಪಟ್ಟಿ ಅವರ ಬೆರಳ ಪಕ್ಕದಲ್ಲೇ ಎದ್ದು ನಿಂತಿತು, ಹಸಿರು ಗುಂಡಿ ಸತ್ತಿತು. ಅವರು ಅರದ ಮೇಜಿನ ಕಡೆ ತಿರುಗಿ, "ಬಾರಮ್ಮ" ಎಂದರು. ಅವಳು ಅರವನ್ನು ಕೆಳಗಿಟ್ಟು ಬಂದಳು.

ಮುಂದಿನ ಆಯುಧಪೂಜೆಗೆ ನನ್ನನ್ನೂ ಕರೆದರು. ಆ ಶೆಡ್ಡಿನಲ್ಲಿ ಪೂಜೆಯಾದ ಮೇಲೆ ಒಂದು ಜಾಬ್ ತೆಗೆದೇ ಕಡ್ಲೆಪುರಿ ಹಂಚುವುದು. ಯಂತ್ರಕ್ಕೆ ಬಾಳೆಕಂದು, ಚೆಂಡುಹೂವಿನ ಹಾರ. ಅಜ್ಜಿ ತಟ್ಟೆ ಹಿಡಿದು ಬಂದರು. ಅವಳು ಖಾಲಿ ಮೂಲೆಯನ್ನು ತೋರಿಸಿದಳು. ಅಜ್ಜಿ ಅಲ್ಲಿ ಇಟ್ಟರು, ಧಾರಾಳವಾಗಿಯೇ. ನಾನು ಉಸಿರು ಬಿಡುವಷ್ಟರಲ್ಲಿ ಬೆರಳಲ್ಲಿ ಉಳಿದದ್ದನ್ನು ಹಳದಿ ಪಟ್ಟಿ ಬರುವ ಜಾಗಕ್ಕೂ ಒಂದು ಬೊಟ್ಟಾಗಿ ಹಚ್ಚಿದರು. ಆ ಹಳದಿ ಪಟ್ಟಿಯ ಮೇಲೆ ಅವರಿಗೆ ಯಾಕೋ ಪ್ರೀತಿ.

"ಅಜ್ಜಿ, ಇದು ಒರೆಸ್ತೀನಿ" ಎಂದಳು ಅವಳು. ಕೇಳಲಿಲ್ಲ, ಹೇಳಿದಳು. ಹಬ್ಬಕ್ಕೆಂದು ತೊಟ್ಟ ಹೊಸ ಬಟ್ಟೆಯ ಚುಂಗಿನಿಂದ ಆ ಬೊಟ್ಟನ್ನು ಒರೆಸಿ, ಬಾಗಿಲು ಹಾಕಿ, ಹಸಿರು ಒತ್ತಿದಳು. ಜಾಬ್ ಹೊರಗೆ ಬಂತು, ಪುರಿ ಹಂಚಿದರು.

ಒರೆಸಿದ್ದು ಅವಳಲ್ಲ, ತಾನು ಎಂದು ಯಜಮಾನರು ಈಚೆಗೆ ಹೇಳುತ್ತಿದ್ದಾರೆ. ಇರಬಹುದು. ಅವಳ ಬಟ್ಟೆಯ ಚುಂಗಿನಲ್ಲಿ ಕೆಂಪು ಕಂಡದ್ದು ನನಗೆ ನೆನಪಿದೆ, ಆದರೆ ನನಗೆ ನೆನಪಿರುವ ಕೆಂಪಿನ ಕಥೆ ಈಗ ನಿಮಗೂ ಗೊತ್ತು. ಯಂತ್ರದ ಮುಂದೆ ಯಾರು ನಿಂತಿದ್ದಾರೆ ಎಂಬುದಕ್ಕೆ ಮಾತ್ರ ನನ್ನ ನೆನಪು ಬೇಕಿಲ್ಲ. ಅರೆಕೆರೆಗೆ ಹೋಗಿ ನೋಡಿದರೆ ಸಾಕು.