ಚಪ್ಪಲಿ ಏಟಿಗೂ ಬಿಚ್ಚದ ನೊಣ

ಹೈದರಾಬಾದಿನಲ್ಲಿ ಟ್ರೌಟ್ ಮೀನಿಲ್ಲ ಎಂಬುದು ನನ್ನ ಉತ್ಸಾಹಕ್ಕೆ ಎಂದೂ ಅಡ್ಡಿಯಾಗಲಿಲ್ಲ. ಕೊಂಡಾಪುರದ ಐಟಿ ಕಂಪನಿಯ ಗೆಳೆಯರೊಂದಿಗೆ ಹಿಮಾಚಲದ ಹೊಳೆಗೆ ಹೋಗಿದ್ದಾಗ, ಮೀನನ್ನು ಮರುಳು ಮಾಡಲೆಂದು ನಾನು ಗಾಳಕ್ಕೆ ಕಟ್ಟಿದ್ದ ಹುಸಿ ನೊಣ ತೇಲುವ ಬದಲು ಮುಳುಗಿ, ಪುಕ್ಕ ಬಿಚ್ಚಿ, ನನ್ನ ಮಾನದ ಸಮೇತ ಹರಿದುಹೋಗಿತ್ತು. ಈಗ ಮುಂದಿನ ವಾರ ಮತ್ತೆ ಅದೇ ಹೊಳೆಗೆ, ಅದೇ ಗೆಳೆಯರೊಂದಿಗೆ ಹೋಗುವುದಿತ್ತು.

ಈ ಸಲ ಹೊಸ ನೊಣಕ್ಕೆ ರಬ್ಬರಿನ ಹೊಟ್ಟೆ, ಕೋಳಿಪುಕ್ಕದ ರೆಕ್ಕೆ, ಅಂಟು ಸವರಿದ ರೇಷ್ಮೆ ದಾರದ ಬಿಗಿ ಸುತ್ತು. ತಾರ್ನಾಕದ ನಮ್ಮ ಮನೆಯ ಬಕೆಟ್ಟಿನಲ್ಲಿ ಅದು ಇಡೀ ದಿನ ರಾಜಗಾಂಭೀರ್ಯದಿಂದ ತೇಲಿತು. ಒಣಗಲೆಂದು ಕಿಟಕಿಯಲ್ಲಿಟ್ಟೆ.

“ಅಯ್ಯ, ಎಂಥಾ ನೊಣ ಐತಿ ನೋಡ್ರಿ!” ಎಂದವಳೇ ಹೆಂಡತಿ ತನ್ನ ಹವಾಯಿ ಚಪ್ಪಲಿ ತಂದು ಮೂರು ಏಟು ಬಾರಿಸಿದಳು. ಒಂದು ಎಳೆಯೂ ಬಿಚ್ಚಲಿಲ್ಲ. ನನ್ನ ಎದೆ ಉಬ್ಬಿತು. ಆದರೆ ಗಾಳ ಚಪ್ಪಲಿಗೆ ಚುಚ್ಚಿಕೊಂಡು ನೊಣವೂ ಅದರೊಂದಿಗೆ ಮೇಲೆದ್ದಿತು. ಅವಳು ನೊಣದ ನೀಲಿ ಹೊಟ್ಟೆಯನ್ನೂ ನೀಲಿ ಚಪ್ಪಲಿಯ ಹಿಮ್ಮಡಿಯಲ್ಲಿ ಕತ್ತರಿಸಿ ತೆಗೆದಿದ್ದ ಜಾಗವನ್ನೂ ನಿಧಾನವಾಗಿ ನೋಡಿದಳು.

“ಭಾಳ ಗಟ್ಟಿ ಕಟ್ಟೀರಿ ಬಿಡ್ರಿ,” ಎಂದಳು. “ಇನ್ನೊಂದು ಚಪ್ಪಲಿ ಸುದ್ದಿಗೆ ಹೋದ್ರ ಮಾತ್ರ, ಮುಂದಿನ ನೊಣ ನೀವ.”